ರುದ್ರಪ್ರಸಾದರ ಚಂದ್ರಿಕೆ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ನಾಲ್ಕೇ ನಾಲ್ಕು ಸಾಲು. ಅದೂ ರುದ್ರಪ್ರಸಾದರು ಬರೆದದ್ದಲ್ಲ, ಯಾರೋ ಬರೆದದ್ದು.

ಕನಕಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ ರುದ್ರಪ್ರಸಾದರಿಗೆ ಐವತ್ತಾರು ವರ್ಷ. ಊರಿನವರ ಪಹಣಿ, ಆಧಾರ್, ಜಾತಿ ಸರ್ಟಿಫಿಕೇಟುಗಳನ್ನೆಲ್ಲ ಪ್ರತಿ ತೆಗೆದು ತೆಗೆದು ಬೆರಳು ಕಪ್ಪಾಗಿದ್ದ ಈ ಮನುಷ್ಯನಿಗೆ ತನ್ನದೂ ಅಂತ ಒಂದು ಕಾಗದವಿದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಇಪ್ಪತ್ತೆಂಟು ವರ್ಷಗಳ ಹಿಂದೆ ಕಡಲೆಪುರಿಯ ಪೊಟ್ಟಣವಾಗಿ ಕೈಗೆ ಬಂದ ಹರಕು ಹಾಳೆ ಅದು. ಕೆಳಗಿನ ಅರ್ಧ ಹರಿದುಹೋಗಿ, ಬರೆದವರ ಹೆಸರೂ ಅದರ ಜೊತೆ ಹೋಗಿತ್ತು. ಉಳಿದದ್ದು ಇಷ್ಟು:

ಬಾ ಚಂದ್ರಿಕೆಯೇ, ಬಾಗಿಲು ತೆರೆದಿದೆ,
ಮನೆಮಂದಿಯೆಲ್ಲ ಮಲಗಿಹರು;
ಉಂಡುದು ಸಾಕು, ಹಣ್ಣಾಗಿರುವೆನು,
ನಿನ್ನನು ಬಿಟ್ಟರೆ ಯಾರಿಹರು?

ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಅದನ್ನು ಪರ್ಸಿನಿಂದ ತೆಗೆದು ಓದಿ, ಮತ್ತೆ ಮಡಿಸಿಡುತ್ತಿದ್ದರು. ಹೆಂಡತಿ ಗಿರಿಜಾಂಬಳಿಗೂ ತೋರಿಸಿರಲಿಲ್ಲ. ಎಲ್ಲಿ ನಕ್ಕುಬಿಡುತ್ತಾಳೋ ಎಂಬ ಹೆದರಿಕೆ.

ಲೈಬ್ರರಿಯ ರಾಧಾಮಣಿ ಮೇಡಂ ಪ್ರತಿ ತಿಂಗಳು 'ನನ್ನ ಮೆಚ್ಚಿನ ಕವಿತೆ' ಎಂದು ಒಂದು ಕಾರ್ಯಕ್ರಮ ನಡೆಸುತ್ತಿದ್ದರು. ಮೆಚ್ಚಿದ ಕವಿತೆಯನ್ನು ಗಟ್ಟಿಯಾಗಿ ಓದಬೇಕು, ಅದು ತನಗೇನು ಎಂದು ಹೇಳಬೇಕು, ಅಷ್ಟೆ. ಜೆರಾಕ್ಸ್ ಮಾಡಿಸಲು ಅಂಗಡಿಗೆ ಬಂದ ಮೇಡಂ, "ಈ ಸಲ ನೀವೂ ಒಂದು ಓದಿ ಸಾರ್" ಎಂದರು. ರುದ್ರಪ್ರಸಾದರು ಜೀವನದಲ್ಲಿ ಮೊದಲ ಸಲ ಧೈರ್ಯ ಮಾಡಿ, ನಾಲ್ಕು ಸಾಲನ್ನು ಬಿಳಿ ಹಾಳೆಯ ಮೇಲೆ ಬರೆದು ಫೋಟೋ ಕಳಿಸಿದರು. ಮೇಡಂ ಅದರ ಮೇಲೆ "ಭಾನುವಾರ ಹನ್ನೊಂದಕ್ಕೆ ಲೈಬ್ರರಿಯಲ್ಲಿ ಚಂದ್ರಿಕೆ. ರುದ್ರಪ್ರಸಾದ್ ಅವರಿಂದ. ಸರ್ವರಿಗೂ ಸ್ವಾಗತ" ಎಂದು ಹಾಕಿ ವಾಟ್ಸಾಪಿಗೆ ಬಿಟ್ಟರು. ಬಿಟ್ಟಿದ್ದು ಶನಿವಾರ ಸಂಜೆ. ಭಾನುವಾರ ಬೆಳಗಾಗುವಷ್ಟರಲ್ಲಿ ಅದು ಯಾರ್ಯಾರ ಮೊಬೈಲು ಹೊಕ್ಕಿತ್ತೋ ಆ ದೇವರೇ ಬಲ್ಲ.

ಏಳು ಗಂಟೆಗೆ ಹಲ್ಲುಜ್ಜಿ ಬಂದ ರುದ್ರಪ್ರಸಾದರ ಮುಂದೆ ಗಿರಿಜಾಂಬ ಮೊಬೈಲು ಹಿಡಿದು ನಿಂತಿದ್ದಳು. ಅವಳ ಹಿಂದೆ ಪಕ್ಕದ ಮನೆಯ ವೆಂಕಟಲಕ್ಷ್ಮಮ್ಮ. ಆ ಮೊಬೈಲು ವೆಂಕಟಲಕ್ಷ್ಮಮ್ಮನದೇ.

"ಯಾರ್ರೀ ಇವಳು ಚಂದ್ರಿಕಾ?"

"ಚಂದ್ರಿಕಾ ಅಲ್ವೇ, ಚಂದ್ರಿಕೆ. ಚಂದ್ರಿಕೆ ಅಂದ್ರೆ ಬೆಳದಿಂಗಳು."

"ಬೆಳದಿಂಗಳಿಗೆ ಯಾರು ಬಾಗ್ಲು ತೆಗೆದಿಡ್ತಾರೆ? ಅದು ಕಿಟಕೀಲೇ ಬತ್ತದೆ. ಮನೆಮಂದಿಯೆಲ್ಲ ಮಲಗಿಹರು! ಈ ಮನೇಲಿ ಇರೋ ಮನೆಮಂದಿ ನಾನೊಬ್ಳೇ ಅಲ್ವಾ? ನಾನು ಮಲಗೋದನ್ನೇ ಕಾಯ್ತಾ ಇದ್ರಾ?"

"ಕವಿತೆ ಕಣೆ ಅದು!"

"ಉಂಡುದು ಸಾಕಂತೆ! ಇಪ್ಪತ್ತೆಂಟು ವರ್ಷ ಮುದ್ದೆ ತಿರುವಿ ಹಾಕಿದೀನಿ, ಈಗ ಸಾಕಾಯ್ತಾ?"

ವೆಂಕಟಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡಳು. "ನಂಗ್ಯಾಕೆ ಬೇಕು ಗಿರಿಜಕ್ಕ, ಆದ್ರೂ ಹೇಳ್ಬುಡ್ತೀನಿ. ಇವ್ರ ಅಂಗಡಿ ಎದ್ರಿಗೆ ಬ್ಯಾಂಕ್ ಐತಲ್ಲ, ಅಲ್ಲಿಗೆ ಹೊಸದಾಗಿ ಬಂದಿರೋ ಕ್ಯಾಷಿಯರಮ್ಮನ ಹೆಸ್ರೂ ಚಂದ್ರಿಕಾನೇ."

ರುದ್ರಪ್ರಸಾದರಿಗೆ ನಖಶಿಖಾಂತ ಉರಿದುಹೋಯಿತು. "ನಿಮ್ಮನೇಲಿ ಒಲೆ ಹಚ್ಚೋ ಕೆಲ್ಸ ಇಲ್ವೇನಮ್ಮ?" ಎಂದು ಅಬ್ಬರಿಸಿದರು. ಇಂಥವರ ಮೇಲೆ ಸಿಟ್ಟು ಮಾಡುವುದೆಂದರೆ ಉರಿಯುವ ಒಲೆಗೆ ಇನ್ನೊಂದು ಸೌದೆ ಇಟ್ಟ ಹಾಗೆ. "ನೋಡಿದ್ಯಾ ಗಿರಿಜಕ್ಕ, ಹೆಸ್ರು ಎತ್ತುತ್ತಲೇ ಹೆಂಗೆ ರೇಗ್ತಾರೆ" ಎಂದಳು ಆಕೆ.

ಗಿರಿಜಾಂಬ ಒಳಗೆ ಹೋಗಿ ಬ್ಯಾಗಿಗೆ ಎರಡು ಸೀರೆ ತುರುಕಿಕೊಂಡು ಬಂದಳು. "ಹನ್ನೊಂದು ಗಂಟೆಗೆ ಲೈಬ್ರರಿಗೆ ಬತ್ತೀನಿ. ಅದು ನಿಮಗೇನು ಅಂತ ಎಲ್ಲರ ಮುಂದೆ ಹೇಳ್ಬೇಕಂತಲ್ಲ, ಹೇಳಿ. ನಂಗೆ ಒಪ್ಪಿಗೆ ಆದ್ರೆ ಸರಿ. ಇಲ್ದಿದ್ರೆ ಅಲ್ಲಿಂದ ಹಂಗೇ ತಿಪ್ಪಸಂದ್ರದ ಬಸ್ಸು ಹತ್ತೀನಿ, ನಮ್ಮವ್ವನ ಮನೆಗೆ."

ತಿಂಡಿಯಿಲ್ಲ, ಕಾಫಿಯಿಲ್ಲ. ಹಸಿದ ಹೊಟ್ಟೆಯಲ್ಲಿ ಅಂಗಡಿಗೆ ಬಂದರೆ, ಬಾಗಿಲಲ್ಲೇ ಚಿಕ್ಕೇನಹಳ್ಳಿಯ ಬೈರಪ್ಪ ಮೊಪೆಡ್ಡಿಗೆ ಹಗ್ಗ ಸುತ್ತಿಕೊಂಡು ಕಾಯುತ್ತಿದ್ದ.

"ಪ್ರಸಾದಣ್ಣ, ಒಬ್ಬೊಬ್ರಿಗೆ ಎಷ್ಟು ಚಂದ್ರಿಕೆ ಕೊಡ್ತೀರಿ?"

"ಏನು?"

"ಮೊಬೈಲಲ್ಲಿ ಹಾಕವ್ರಲ್ಲ, ಹನ್ನೊಂದಕ್ಕೆ ಚಂದ್ರಿಕೆ, ರುದ್ರಪ್ರಸಾದ್ ಅವರಿಂದ ಅಂತ. ಬಿದ್ರುದೋ, ಪ್ಲಾಸ್ಟಿಕ್ದೋ?"

ರೇಷ್ಮೆ ಸಾಕುವ ಈ ಸೀಮೆಯಲ್ಲಿ ಚಂದ್ರಿಕೆ ಎಂದರೆ ಬೆಳದಿಂಗಳಲ್ಲ; ಮೇವು ಬಿಟ್ಟು ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ. ಅದು ರುದ್ರಪ್ರಸಾದರಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅವರ ಚಂದ್ರಿಕೆಗೂ ಬಿದಿರಿಗೂ ಯಾರಾದರೂ ನಂಟು ಹಾಕಿಯಾರು ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

"ಅದು ಕವಿತೆ ಕಣಯ್ಯ! ಬೆಳದಿಂಗಳು!"

"ಬೆಳ್ದಿಂಗ್ಳಲ್ಲಿ ಯಾರಣ್ಣ ಹಣ್ಣಾಗ್ತಾರೆ? ಉಂಡುದು ಸಾಕು, ಹಣ್ಣಾಗಿರುವೆನು ಅಂತ ಸರಿಯಾಗೇ ಬರ್ದೈತೆ. ಹಣ್ಣಾದ ಹುಳ ಸೊಪ್ಪು ಮುಟ್ಟಕಿಲ್ಲ."

"ಸೊಪ್ಪು ತಿನ್ನೋ ಹುಳಕ್ಕೂ ಕಾವ್ಯಕ್ಕೂ ಏನಯ್ಯ ಸಂಬಂಧ? ನಡಿ ಆಚೆಗೆ!"

"ಕೊಡಕಿಲ್ಲ ಅಂದ್ರೆ ಕೊಡಕಿಲ್ಲ ಅನ್ನಿ, ರೇಗ್ಬ್ಯಾಡಿ" ಎಂದು ಬೈರಪ್ಪನೂ ಮುಖ ಕೆಂಪಗೆ ಮಾಡಿಕೊಂಡ. "ಬೇಕಾದವ್ರಿಗೆ ಒಳಗೊಳಗೇ ಹಂಚೋ ಪ್ಲಾನು ಇದು. ನಮ್ಮೂರವ್ರನ್ನೆಲ್ಲ ಕರ್ಕೊಂಡೇ ಬತ್ತೀನಿ."

ಹತ್ತು ಗಂಟೆಯೊಳಗೆ ಇನ್ನೂ ಆರು ಜನ ಬಂದು ಕೇಳಿದರು. ಏಳನೆಯವನು ಗೂಡುಗಳನ್ನು ಕುದಿಯುವ ನೀರಿಗೆ ಹಾಕಿ ನೂಲು ಬಿಚ್ಚುವ ಸನಾವುಲ್ಲಾ. "ಚಂದ್ರಿಕೆ ಯಾರಿಗಾದ್ರೂ ಕೊಡಿ ಸಾಬ್, ಗೂಡು ಮಾತ್ರ ನಂಗೇ ಕೊಡೋಕೆ ಹೇಳಿ" ಎಂದ. ರುದ್ರಪ್ರಸಾದರು ಷಟರ್ ಎಳೆದ ರಭಸಕ್ಕೆ ಎದುರಿನ ಬೇಕರಿಯ ನಾಯಿ ಎದ್ದು ಓಡಿತು.

ಆ ಕಾರ್ಯಕ್ರಮಕ್ಕೆ ಯಾವತ್ತೂ ಏಳೆಂಟು ಜನ ಸೇರಿದರೆ ಹೆಚ್ಚು. ಇವತ್ತು ಕೂರಲು ಜಾಗವಿರಲಿಲ್ಲ. ಮುಂದೆ ಬೀದಿಯ ಹೆಂಗಸರೆಲ್ಲ, ಹಿಂದೆ ಹಗ್ಗ, ಗೋಣಿಚೀಲ ಹಿಡಿದ ರೈತರೆಲ್ಲ. "ಕಾವ್ಯಕ್ಕೆ ಇಷ್ಟೊಂದು ಜನ!" ಎಂದು ರಾಧಾಮಣಿ ಮೇಡಂ ಹಿಗ್ಗಿ ಹೀರೇಕಾಯಿಯಾಗಿದ್ದರು. ಮೊದಲ ಸಾಲಿನ ನಡುವೆ ಗಿರಿಜಾಂಬ, ತೊಡೆಯ ಮೇಲೆ ಬ್ಯಾಗು.

ರುದ್ರಪ್ರಸಾದರು ಎದ್ದು ನಿಂತರು. ಪರ್ಸಿನಿಂದ ಕಾಗದ ತೆಗೆದು ಬಿಡಿಸಿದರು. "ಬಾ ಚಂದ್ರಿಕೆಯೇ..."

"ಆ ಬ್ಯಾಂಕಿನವ್ಳೂ ಬಂದವ್ಳಾ?" ಎಂದು ಮುಂದಿನಿಂದ ಪಿಸುಮಾತು.

"ಬಾಗಿಲು ತೆರೆದಿದೆ..."

"ಲಿಸ್ಟು ಓದಿ ಸ್ವಾಮಿ ಮೊದ್ಲು!" ಎಂದು ಹಿಂದಿನಿಂದ ಬೈರಪ್ಪ.

ಬೆಳಗ್ಗಿನಿಂದ ಕಟ್ಟಿಟ್ಟಿದ್ದ ಸಿಟ್ಟೆಲ್ಲ ಒಮ್ಮೆಲೇ ಒಡೆಯಿತು. ರುದ್ರಪ್ರಸಾದರು ಮೇಜು ಗುದ್ದಿದರು.

"ಮುಚ್ರಯ್ಯ ಬಾಯಿ! ನಿಮಗೆ ಬಿದಿರು ಬೇಕು, ಇವ್ರಿಗೆ ಕ್ಯಾಷಿಯರ್ ಬೇಕು. ನಂಗೇನು ಅಂತ ಒಬ್ರಾದ್ರೂ ಕೇಳಿದ್ರಾ? ಇಪ್ಪತ್ತೆಂಟು ವರ್ಷದ ಹಿಂದೆ ತಿಪ್ಪಸಂದ್ರಕ್ಕೆ ಹೆಣ್ಣು ನೋಡೋಕೆ ಹೋಗಿದ್ದೆ. ನಮ್ಮಪ್ಪಂಗೆ ಆ ಸಂಬಂಧ ಬೇಡ. ವಾಪಸ್ ಬರ್ತಾ ಮಾಗಡೀಲಿ ಕಡಲೆಪುರಿ ತಗೊಂಡೆ, ಆ ಪೊಟ್ಟಣದಲ್ಲಿತ್ತು ಇದು. ಬಸ್ಸಲ್ಲಿ ನಮ್ಮ ಕಡೆಯವ್ರೆಲ್ಲ ತೂಕಡಿಸ್ತಾ ಇದ್ರು. ನಾನೊಬ್ನೇ ಇದನ್ನ ಓದ್ತಾ ಓದ್ತಾ, ಮದುವೆ ಅಂತ ಆದ್ರೆ ಅವಳನ್ನೇ ಅಂತ ಗಟ್ಟಿ ಮಾಡ್ಕೊಂಡೆ. ಮನೆಗೆ ಬಂದು ಅಪ್ಪನ ಎದುರಿಗೆ ಮೊದಲ್ನೇ ಸಲ ಬಾಯಿ ಬಿಟ್ಟೆ. ಚಂದ್ರಿಕೆ ಯಾರು ಅಂತ ಬೇಕಾ? ಅಗೋ, ಬ್ಯಾಗ್ ಹಿಡ್ಕೊಂಡು ಕೂತವ್ಳಲ್ಲ, ಅವಳು! ಈ ಕವಿತೆ ಪೂರ್ತಿ ಅವಳೇ! ಪ್ರತಿಯೊಂದು ಸಾಲೂ ಅವಳೇ!"

ಗಿರಿಜಾಂಬ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು, ಬ್ಯಾಗನ್ನು ಮೆಲ್ಲಗೆ ಕುರ್ಚಿಯ ಕೆಳಗೆ ತಳ್ಳಿದಳು. ವೆಂಕಟಲಕ್ಷ್ಮಮ್ಮನೂ ಮೂಗೆಳೆದುಕೊಂಡಳು. ಕಾರ್ಯಕ್ರಮ ಅಲ್ಲಿಗೇ ಮುಗಿದಿದ್ದರೆ ರುದ್ರಪ್ರಸಾದರಷ್ಟು ಸುಖಿ ಇಡೀ ಕನಕಪುರದಲ್ಲಿ ಇರುತ್ತಿರಲಿಲ್ಲ.

ಆದರೆ ರೈತರ ನಡುವಿನಿಂದ ಒಬ್ಬ ಮುದುಕರು ಕೋಲೂರಿಕೊಂಡು ಎದ್ದರು. ಮುನಿಶಾಮಯ್ಯ, ಎಂಬತ್ತು ದಾಟಿದವರು. ಒಂದು ಕಾಲದಲ್ಲಿ ಹಳ್ಳಿಹಳ್ಳಿ ತಿರುಗಿ ರೈತರಿಗೆ ಹುಳ ಸಾಕುವುದನ್ನು ಹೇಳಿಕೊಡುತ್ತಿದ್ದ ಸರ್ಕಾರಿ ನೌಕರರು.

"ಸ್ವಾಮಿ, ಅದನ್ನ ಬರ್ದೋನು ನಾನು" ಎಂದರು. "ರೈತ್ರಿಗೆ ಹಂಚಕ್ಕೆ ಅಂತ ಕರಪತ್ರ ಮಾಡಿದ್ದೋ. ಬೆಳ್ದಿಂಗ್ಳಲ್ಲ ಅದು, ಬಿದ್ರು ಚಂದ್ರಿಕೇನೇ. ಅದ್ರಲ್ಲಿ ಮಾತಾಡ್ತಿರೋದು ಹುಳ."

"ನಾನ್ ಹೇಳ್ಲಿಲ್ವೇನ್ಲಾ!" ಎಂದು ಬೈರಪ್ಪ ಪಕ್ಕದವನ ಬೆನ್ನಿಗೆ ಗುದ್ದಿದ. ಹಿಂದಿನ ಸಾಲುಗಳಲ್ಲಿ ನಗೆ ಎದ್ದಿತು.

ರುದ್ರಪ್ರಸಾದರು ಕಾಗದವನ್ನು ಜೇಬಿಗೆ ತುರುಕುತ್ತ, "ಆಯ್ತು ಅಯ್ನೋರೇ, ಸಂತೋಷ, ಕೂತ್ಕೊಳ್ಳಿ" ಎಂದರು.

"ತಡೀರಿ. ನಿಮ್ಮೆಂಡ್ರುನ್ನೇ ಚಂದ್ರಿಕೆ ಅಂದ್ರಲ್ಲ, ಭೇಷ್! ನಂಗೇ ಹೊಳ್ದಿರ್ಲಿಲ್ಲ. ಆದ್ರೆ ನೀವು ಅರ್ಧ ಓದಿ ಬುಟ್ರಿ. ಮಿಕ್ಕಿದ್ದು ನಂಗೆ ಬಾಯಿಗೇ ಬತ್ತದೆ" ಎಂದ ಮುನಿಶಾಮಯ್ಯ ಗಂಟಲು ಸರಿಮಾಡಿಕೊಂಡು, ರಾಗವಾಗಿ ಹೇಳಿಯೇಬಿಟ್ಟರು:

ಹತ್ತಿದೆ ನಿನ್ನನು, ಸುತ್ತಿದೆ ನೂಲನು,
ಮುಗಿಯಿತು ಇಲ್ಲಿಗೆ ನನ್ನ ಕತೆ;
ಕುದಿಯುವ ನೀರಿಗೆ ಕಳುಹಿದೆ ನನ್ನನು,
ಏನಿದು ಚಂದ್ರಿಕೆ, ನಿನ್ನ ಮಮತೆ!

ಹಿಂದೆ ಕೂತಿದ್ದ ಗಂಡಸರು ಚಪ್ಪಾಳೆ ತಟ್ಟಿದ್ದೇನು, ಸಿಳ್ಳೆ ಹೊಡೆದದ್ದೇನು! "ಎಂಥ ಅನುಭವದ ಮಾತು ಪ್ರಸಾದಣ್ಣ!" ಎಂದು ಯಾರೋ ಕೂಗಿದರು.

ಗಿರಿಜಾಂಬ ಎದ್ದು ನಿಂತಳು. ಚಪ್ಪಾಳೆ ತಾನಾಗಿ ನಿಂತಿತು.

"ಪ್ರತಿಯೊಂದು ಸಾಲೂ ನಾನೇ ಅಂದ್ರಲ್ವಾ?"

"ನನ್ನತ್ರ ಇದ್ದಿದ್ದು ಮೇಲಿನರ್ಧ ಮಾತ್ರ ಕಣೆ ಗಿರಿಜಾ..."

ಆಕೆ ಬಗ್ಗಿ ಕುರ್ಚಿಯ ಕೆಳಗಿನ ಬ್ಯಾಗನ್ನು ಎಳೆದುಕೊಂಡಳು. ರುದ್ರಪ್ರಸಾದರು ಮೇಜು ಬಳಸಿ ಓಡಿ ಬಂದು ಕೈ ಮುಗಿದರು. "ದಮ್ಮಯ್ಯ ಅಂತೀನಿ, ತಿಪ್ಪಸಂದ್ರಕ್ಕೆ ಹೋಗ್ಬೇಡ ಕಣೆ."

"ತಿಪ್ಪಸಂದ್ರಕ್ಕೆ ಯಾರು ಹೋಯ್ತಾರೆ?" ಎಂದಳು ಗಿರಿಜಾಂಬ, ಬ್ಯಾಗನ್ನು ಹೆಗಲಿಗೆ ಹಾಕಿಕೊಳ್ಳುತ್ತ. "ನೀವು ನಿಧಾನವಾಗಿ ಮನೆಗೆ ಬನ್ನಿ. ನಾನು ಮೊದ್ಲು ಹೋಗಿ ನೀರು ಕಾಯೋಕೆ ಇಟ್ಟಿರ್ತೀನಿ."