ವಜೀರ ನೋಡ್ಕೋರಿ

ಚದುರಂಗದಲ್ಲಿ ನಾನು ಬುದ್ಧಿವಂತನೆಂದು ಇಪ್ಪತ್ತು ವರ್ಷ ನಂಬಿದ್ದೆ. ಮನುಷ್ಯನಿಗೆ ತನ್ನ ಬಗ್ಗೆ ಇಂಥದೊಂದು ನಂಬಿಕೆ ಬೇಕೇ ಬೇಕು. ನನಗೆ ಬೇರೆ ಯಾವುದರಲ್ಲೂ ಅದಕ್ಕೆ ಅವಕಾಶ ಸಿಕ್ಕಿರಲಿಲ್ಲ. ಅಥಣಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ, ಮನೆಯಲ್ಲಿ ಕಾಯಿಪಲ್ಯೆಯ ಚೀಲ ಹೊರುತ್ತೇನೆ. ಎರಡೂ ಕಡೆ ನನ್ನ ಮಾತನ್ನು ಯಾರೂ ಕೇಳುವುದಿಲ್ಲ.

ಆದರೆ ಸಂಜೆ ದಸ್ತಗೀರ ಸಾಹೇಬರ ಟೇಲರಿಂಗ್ ಅಂಗಡಿಗೆ ಹೋದರೆ ನಾನೇ ಬೇರೆ. ಬಟ್ಟೆ ಕತ್ತರಿಸುವ ಮೇಜಿನ ತುದಿಯಲ್ಲಿ ಪಟ ಹಾಸುತ್ತೇವೆ. ಕಳೆದುಹೋದ ಪ್ಯಾದೆಗಳ ಜಾಗದಲ್ಲಿ ಕೋಟಿನ ಗುಂಡಿಗಳು ನಿಂತಿವೆ. ಹತ್ತು ಆಟದಲ್ಲಿ ಆರೇಳು ನನ್ನವೇ. ಸಾಹೇಬರದು ಹಳೆಯ ಕಾಲದ ಮರ್ಯಾದೆಯ ಆಟ. ರಾಜನಿಗೆ ಶಹ ಕೊಟ್ಟರೆ ಹೇಳುವುದು ಎಲ್ಲರ ಪದ್ಧತಿ. ಇವರು ವಜೀರನಿಗೆ ಅಪಾಯವಿದ್ದರೂ ಹೇಳುತ್ತಿದ್ದರು, ಅದೂ ಹೊಡೆಯುವ ಮೊದಲೇ. ಕುದುರೆಯ ಮೇಲೆ ಕೈಯಿಟ್ಟು ಒಂದು ಕ್ಷಣ ತಡೆದು, "ವಜೀರ ನೋಡ್ಕೋರಿ, ಮಾಸ್ತರ" ಎನ್ನುತ್ತಿದ್ದರು. ನಾನು "ನೋಡೇನ್ರಿ" ಎಂದು ಗತ್ತಿನಿಂದ ನನ್ನ ನಡೆ ಹಿಂದಕ್ಕೆ ತೆಗೆದುಕೊಂಡು ವಜೀರನನ್ನು ಸರಿಸುತ್ತಿದ್ದೆ.

ಕಳೆದ ತಿಂಗಳು ಮಗಳು ಸವಿತಾ ಮೊಬೈಲಿನಲ್ಲಿ ಆಟ ಕಲಿತು ನನ್ನೆದುರು ಕೂತಳು. ಹತ್ತನೆಯ ನಡೆಗೆ ಅವಳ ಕುದುರೆ ಎರಡೂವರೆ ಮನೆ ಹಾರಿ ರಾಜನಿಗೆ ಶಹ ಕೊಟ್ಟಿತು. ಕೂತ ಜಾಗದಿಂದಲೇ ವಜೀರನಿಗೂ ಗುರಿ. ಆನೆಯೋ ಒಂಟೆಯೋ ದೂರದಿಂದ ಶಹ ಕೊಟ್ಟರೆ ನಡುವೆ ಯಾರನ್ನಾದರೂ ಅಡ್ಡ ನಿಲ್ಲಿಸಬಹುದು. ಕುದುರೆಗೆ ಅಡ್ಡ ಎಂಬುದೇ ಇಲ್ಲ. ಅದನ್ನು ಹೊಡೆಯುವ ಕಾಯಿಯೂ ನನ್ನಲ್ಲಿರಲಿಲ್ಲ. ರಾಜ ಓಡಲೇಬೇಕು, ವಜೀರ ಸಾಯಲೇಬೇಕು.

"ಮೊದ್ಲ ಹೇಳಬಾರದೇನವಾ?" ಎಂದೆ.

"ಹೇಳಿ ಹೊಡಿತಾರೇನಪ್ಪಾ ಯಾರರೆ?" ಎಂದು ನಕ್ಕಳು.

ಐದಾಟ ಸೋತೆ. ಮರುದಿನ ತರಗತಿಯಲ್ಲಿ ನಿಂತೇ ಲೆಕ್ಕ ಹಾಕಿದೆ: ಸಾಹೇಬರು ಹೇಳದಿದ್ದರೆ ಈ ಇಪ್ಪತ್ತು ವರ್ಷದಲ್ಲಿ ನಾನು ಗೆಲ್ಲುತ್ತಿದ್ದ ಆಟಗಳೆಷ್ಟು? ಉತ್ತರ ಬೋರ್ಡಿನ ಮೇಲೆ ಬರೆಯುವಂತಿರಲಿಲ್ಲ. ಬಹಳ ನಾಚಿಕೆಯಾಯಿತು.

ಸಂಜೆ ಅಂಗಡಿಗೆ ಹೋಗಿ ಕೇಳಿಯೇಬಿಟ್ಟೆ. "ಸಾಹೇಬ್ರ, ಬೇಕಂತ ನನ್ನ ಗೆಲ್ಲಾಕ ಬಿಡಾಕತ್ತೀರೇನು?"

ಅವರು ಕತ್ತರಿ ಕೆಳಗಿಟ್ಟರು. "ಮೊದ್ಲಮೊದ್ಲ ಹೇಳ್ತಿದ್ದಿಲ್ರಿ ನಾ. ಮೂರು ಸಲ ವಜೀರ ಹೋತು, ನೀವು ಹದಿನೈದು ದಿನ ಈ ಕಡೆ ಹಾಯಲಿಲ್ಲ. ಅಂಗಡಿ ಬಣಬಣ ಅನ್ನಾಕತ್ತಿತ್ತು. ವಜೀರ ಹೊಡಿಯೋದಕ್ಕಿಂತ ನೀವು ಬರೋದ ಛಲೋ ಅನಿಸ್ತು."

ಗೆದ್ದದ್ದೆಲ್ಲ ಸುಳ್ಳಾಯಿತಲ್ಲ ಎಂಬ ದುಃಖ, ಒಬ್ಬ ಮನುಷ್ಯ ನನಗಾಗಿ ಇಷ್ಟು ವರ್ಷ ಸೋತನಲ್ಲ ಎಂಬ ಸಂತೋಷ, ಎರಡೂ ಒಟ್ಟಿಗೇ ಬಂದವು. "ಇನ್ನ ಮ್ಯಾಲೆ ಹೇಳಬ್ಯಾಡ್ರಿ. ಸೋತರೂ ನಾಳೆ ಬರ್ತೀನಿ" ಎಂದು ಮಾತು ಕೊಟ್ಟೆ.

ಪಟ ಹಾಸಿದೆವು. ಅರ್ಧ ಗಂಟೆಯಲ್ಲಿ ಸಾಹೇಬರ ಕೈ ಕುದುರೆಯ ಮೇಲೆ ಹೋಗಿ ನಿಂತಿತು. ತುಟಿ ಬಿಗಿಹಿಡಿದಿದ್ದರು. ಪಾಪ, ಹಣೆಯ ಮೇಲೆ ಬೆವರು ಬಂದಿತ್ತು. ನಾನು ಪಟವನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದೆ. ಏನೂ ಕಾಣಲಿಲ್ಲ.

"ಸಾಹೇಬ್ರ, ನಾಳಿಂದ ಹೇಳಬ್ಯಾಡ್ರಿ. ಇವತ್ತೊಂದಿನ ಹೇಳಿಬಿಡ್ರಿ" ಎಂದೆ.

ಆ ಆಟವನ್ನೂ ನಾನೇ ಗೆದ್ದೆ.