ಬರ್ತೀವಿ ಎಂಬ ಭವಿಷ್ಯತ್ಕಾಲ

ನನ್ನ ಹೆಂಡತಿಗೆ ವ್ಯಾಕರಣ ಬರುವುದಿಲ್ಲ. ಪ್ರೆಸ್ಸಿನಲ್ಲಿ ಇಪ್ಪತ್ತೆರಡು ವರ್ಷ ಪ್ರೂಫ್ ತಿದ್ದಿದ ನಾನು ಇಂಥವಳ ಕೈಯಲ್ಲಿ ದಿನವೂ ತಿದ್ದಿಸಿಕೊಳ್ಳುತ್ತಿದ್ದೇನೆ ಎಂಬುದೇ ನನ್ನ ಸಂಸಾರದ ಸಾರಾಂಶ.

ಹೋದ ಸೋಮವಾರ ಏಣಿ ಫೋನ್ ಮಾಡಿದ್ದ. (ಏಣಿ ನನ್ನ ಗೆಳೆಯ. ಆರೂಕಾಲು ಅಡಿ ಇರುವವನನ್ನು ಇನ್ನೇನೆಂದು ಕರೆಯುವುದು?) ಒಂದೇ ಗೋಡೆಯ ಆಚೆ ಈಚೆ ಒಂಬತ್ತು ವರ್ಷ ಸಂಸಾರ ಮಾಡಿದವರು ನಾವು. ಅವನ ಹೆಂಡತಿ ನನ್ನವಳಿಗೆ ಒಡಹುಟ್ಟದ ಅಕ್ಕ. ವರ್ಗವಾಗಿ ಎರಡು ದಿನದ ರೈಲುದಾರಿಯಾಚೆ ಹೋದವರ ಮುಖ ನೋಡಿ ಹನ್ನೊಂದು ವರ್ಷವಾಯಿತು. ಅವನಿಲ್ಲದೆ ನನಗೆ ಜಗಳವಾಡುವುದಕ್ಕೂ ಹೆಂಡತಿಯೇ ಗತಿ. ಮುಕ್ಕಾಲು ಗಂಟೆ ಹರಟಿದ ಏಣಿ ಕೊನೆಗೆ, "ಭಾನುವಾರ ಸಿಗ್ತೀಯಲ್ಲ? ಸರಿ, ಬರ್ತೀವಿ ಹಾಗಾದ್ರೆ" ಎಂದು ಫೋನಿಟ್ಟ.

"ಲೇ, ಭಾನುವಾರ ಏಣಿ ಬರ್ತಿದ್ದಾನೆ. ಇಬ್ರೂ ಬರ್ತಾರೆ," ಎಂದೆ.

"ಅದು ಫೋನ್ ಇಡೋವಾಗ ಹೇಳೋ ಮಾತು ಕಣ್ರೀ. ಹೋಗ್ತೀವಿ ಅನ್ಬಾರ್ದು ಅಂತ ಬರ್ತೀವಿ ಅಂತಾರೆ."

"ಬರ್ತೀವಿ ಅನ್ನೋದು ಉತ್ತಮ ಪುರುಷ, ಬಹುವಚನ, ಭವಿಷ್ಯತ್ಕಾಲ."

"ಒಂದ್ಸಲ ಕೇಳಿ ನೋಡಿ."

"ಬರ್ತೀವಿ ಅಂದವರನ್ನ ನಿಜವಾಗ್ಲೂ ಬರ್ತೀರಾ ಅಂತ ಕೇಳಿದ್ರೆ ಬರಬೇಡಿ ಅಂದ ಹಾಗೆ."

ಈ ಮಾತಿಗೆ ಅವಳು ಸೋತಳು. ಸೋತಳು ಎನ್ನುವುದಕ್ಕಿಂತ, ಅಕ್ಕ ಬರಲಿ ಎಂಬ ಆಸೆ ಅವಳಿಗೂ ಇತ್ತು.

ಸಿದ್ಧತೆ ಆರಂಭವಾಯಿತು. ನಮ್ಮ ಮಂಚದಲ್ಲಿ ಏಣಿ ಮಲಗಿದರೆ ಮೊಣಕಾಲಿನಿಂದ ಕೆಳಗಿನ ಭಾಗ ಅಡುಗೆಮನೆಯಲ್ಲಿರುತ್ತದೆ. ಆದ್ದರಿಂದ ಎದುರುಮನೆಯ ಬಡಗಿಯಿಂದ ಏಳೂವರೆ ಅಡಿಯ ಮಂಚ ತಂದೆ. ಅದು ಬಾಗಿಲಲ್ಲಿ ಅರ್ಧ ಬಂದು, ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ ಎಂದು ಕೂತಿತು. ಒಂದು ಇಡೀ ದಿನ ನಾವು ಮಂಚದ ಕೆಳಗೆ ತೆವಳಿಕೊಂಡೇ ಹೊರಗೂ ಒಳಗೂ ಓಡಾಡಿದೆವು. (ಹಾಲಿನವನು ಬಗ್ಗಿ ನೋಡಿ, "ಹುಷಾರಿಲ್ವಾ ಸಾರ್?" ಎಂದ.) ಮರುದಿನ ಬಡಗಿ ಬಂದು ಬಾಗಿಲನ್ನೇ ಕಳಚಿದ. ಮಂಚ ಒಳಗೆ ಬಂತು. "ಹೇಗೂ ಕಳಚಿದೀವಿ, ಉಜ್ಜಿ ಕೊಡ್ತೀನಿ" ಎಂದು ಬಾಗಿಲನ್ನು ಹೊತ್ತೊಯ್ದವನು, ಅದನ್ನು ಅಂಗಡಿಯೊಳಗಿಟ್ಟು ಬೀಗ ಹಾಕಿ ಮಾವನ ಮನೆಗೆ ಹೋದ. ಹತ್ತು ದಿನಕ್ಕೆ.

"ಈಗ ಮನೆಗೆ ಬಾಗಿಲಿಲ್ಲ," ಎಂದಳು ನನ್ನವಳು.

"ಗೆಳೆಯರಿಗೆ ನಮ್ಮನೆ ಬಾಗಿಲು ಸದಾ ತೆರೆದಿರುತ್ತೆ ಅನ್ಕೋ."

"ತೆರೆಯೋಕೂ ಒಂದು ಬಾಗಿಲು ಬೇಕಲ್ರೀ."

ಭಾನುವಾರ ಬೆಳಗ್ಗೆ ಆರಕ್ಕೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲಲ್ಲಿ (ಬಾಗಿಲಿದ್ದ ಜಾಗದಲ್ಲಿ) ನಿಂತೆ. ರೈಲು ಬರುವ ಹೊತ್ತು ಕಳೆದು ಎರಡು ಗಂಟೆಯಾದರೂ ಯಾರ ಸುಳಿವೂ ಇಲ್ಲ. ತಡೆಯಲಾರದೆ ಫೋನ್ ಮಾಡಿದೆ.

"ಎಲ್ಲಿದ್ದೀರೋ? ಸ್ಟೇಷನ್ನಿಗೆ ಬರ್ಲಾ?"

"ಮನೇಲಿದ್ದೀನಿ ಕಣೋ. ಭಾನುವಾರ ಸಿಗ್ತೀಯಾ ಅಂತ ಕೇಳಿದ್ದು ಫೋನ್ ಮಾಡೋಕೆ."

"ಬರ್ತೀವಿ ಅಂದೆ ನೀನು."

ಏಣಿ ಮೆಲ್ಲಗೆ, "ಹೋದ ವರ್ಷ ನೀನೂ ಹಾಗೇ ಅಂದು ಫೋನಿಟ್ಟಿದ್ದೆ. ನಾವಿಬ್ರೂ ಮೂರು ದಿನ ಸ್ಟೇಷನ್ನಿಗೆ ಹೋಗಿ ಕಾದ್ವಿ. ಹೇಳೋಕೆ ನಾಚಿಕೆಯಾಗಿ ಸುಮ್ಮನಾದ್ವಿ," ಎಂದ.

ನನ್ನವಳು ಫೋನ್ ಕಸಿದುಕೊಂಡು, "ಭಾವ, ಅಕ್ಕಂಗೆ ಹೇಳಿ, ನಾಳೆ ರೈಲಿಗೆ ನಾವೇ ಹೊರಟು ಬರ್ತೀವಿ. ಇದು ಫೋನ್ ಇಡೋ ಬರ್ತೀವಿ ಅಲ್ಲ," ಎಂದಳು.

ಕುಣಿಯುವುದೊಂದು ಬಾಕಿ. ಓಡಿಹೋಗಿ ನನ್ನ ಎರಡು ಅಂಗಿಗಳನ್ನು ಪೆಟ್ಟಿಗೆಗೆ ಹಾಕಿದೆ. ಅವಳು ಎರಡನ್ನೂ ಹೊರಗೆ ತೆಗೆದಿಟ್ಟಳು.

"ಬಾಗಿಲಿಲ್ಲದ ಮನೇನ ಯಾರು ಕಾಯ್ತಾರೆ?"

"ನಾವು ಬರ್ತೀವಿ ಅಂದ್ಯಲ್ಲೇ? ನಾವು ಅಂದ್ರೆ ಬಹುವಚನ."

"ಅದು ನನಗೆ ನಾನೇ ಕೊಟ್ಕೊಂಡ ಮರ್ಯಾದೆ," ಎಂದಳು ಪೆಟ್ಟಿಗೆ ಮುಚ್ಚುತ್ತಾ. "ನಿಮ್ಮ ವ್ಯಾಕರಣದಲ್ಲಿ ಇಲ್ವಾ?"

ಇದೆ. ಗೌರವಾರ್ಥ ಬಹುವಚನ. ಶಾಲಾ ವ್ಯಾಕರಣದಲ್ಲಿ ಆ ಪುಟದ ಪ್ರೂಫ್ ತಿದ್ದಿದವನು ನಾನೇ.