ಮೋಟಾರಿಲ್ಲದ ದಾರಿಯಲ್ಲಿ ಒಂದು ವ್ಯಾನು

ಸೈಕಲ್ ದಾರಿಯ ಬಾಯಿಗೆ ನೆಟ್ಟಿದ್ದ ಕಂಬವನ್ನು ಪುರಸಭೆಯ ರೆಜಿಸ್ ಆ ದಿನ ಬಣ್ಣ ಹೊಡೆಯಲು ಕೀಳದೇ ಇದ್ದಿದ್ದರೆ, ಬೇಕರಿಯ ಫಿರ್ಮಾಂ ತನ್ನ ಪಾಡಿಗೆ ತಾನು ಗುಡ್ಡ ಬಳಸಿಕೊಂಡು ಹೋಗುತ್ತಿದ್ದ. ಅವನ ಊರು ಮೊಂಬ್ರಾಕಿನಿಂದ ಪಕ್ಕದೂರು ಸೆರಿಯಾಕಿಗೆ ಹೋಗುವ ರಸ್ತೆಗೆ ಡಾಂಬರು ಹಾಕುತ್ತಿದ್ದರು. ಬಳಸಿಕೊಂಡು ಹೋದರೆ ಮೂರು ಗುಡ್ಡ, ನೂರು ತಿರುವು. ವ್ಯಾನಿನ ಹಿಂದುಗಡೆ ಹೆಂಡತಿ ಓದಿಲ್ ರಾತ್ರಿಯಿಡೀ ಕೂತು ಕಟ್ಟಿದ ಗೋಪುರ: ಕ್ರೀಮು ತುಂಬಿದ ಪುಟ್ಟ ಪುಟ್ಟ ಉಂಡೆಗಳನ್ನು ಸಕ್ಕರೆ ಪಾಕದಲ್ಲಿ ಒಂದಕ್ಕೊಂದು ಅಂಟಿಸಿ, ಆಳಿನ ಎದೆಯೆತ್ತರಕ್ಕೆ ಏರಿಸಿದ್ದು. ಜೂನ್ ಬಿಸಿಲಿಗೆ ಪಾಕ ಆಗಲೇ ಬೆವರತೊಡಗಿತ್ತು.

ಹಳೆಯ ರೈಲುದಾರಿಯ ಹಳಿ ಕಿತ್ತು, ನಯಮಾಡಿ, ಸೈಕಲ್ಲಿನವರಿಗೆಂದೇ ಬಿಟ್ಟ ದಾರಿ ಸೆರಿಯಾಕಿನ ಹಳೇ ಸ್ಟೇಷನ್ನಿನವರೆಗೂ ಮುಟ್ಟಿದ್ದು ಈಚೆಗೆ. ಅವತ್ತು ಅದರ ಉದ್ಘಾಟನೆ. ಸ್ಟೇಷನ್ನಿನ ಖಾಲಿ ಕಟ್ಟಡದಲ್ಲಿ ಸೈಕಲ್ ಪ್ರವಾಸಿಗಳಿಗೆ ತಿಂಡಿ ಅಂಗಡಿ ಇಡುವ ಅವಕಾಶ ಯಾರಿಗೆ ಕೊಡಬೇಕೆಂದು ಮೇಯರಮ್ಮ ಅವತ್ತೇ ತಿಂಡಿಯ ರುಚಿ ನೋಡಿ ಹೇಳುವವರಿದ್ದರು. ಮೊಂಬ್ರಾಕಿನ ಜನವೆಲ್ಲ ಪೇಟೆಯ ದೊಡ್ಡ ಅಂಗಡಿಯಿಂದ ಬ್ರೆಡ್ಡು ತರತೊಡಗಿದ ಮೇಲೆ ಓದಿಲಳ ಒಲೆ ದಿನಬಿಟ್ಟು ದಿನ ಉರಿಯುತ್ತಿತ್ತು. ಈ ಅಂಗಡಿ ಸಿಕ್ಕರೆ ಉಳಿದರು, ಇಲ್ಲದಿದ್ದರೆ ಇಲ್ಲ.

"ನಾನು ಮೊದಲೇ ಹೋಗಿ ಮೇಜು ಹಾಕಿರ್ತೀನಿ. ನೀನು ಇದನ್ನ ಅಲುಗಾಡಿಸದೆ ತಗೊಂಡು ಬಾ. ಅಷ್ಟು ಮಾಡಿದ್ರೆ ಸಾಕು," ಎಂದು ಹೇಳಿ ಓದಿಲ್ ಬೆಳಿಗ್ಗೆಯೇ ಯಾರದೋ ಕಾರಿನಲ್ಲಿ ಹೊರಟುಹೋಗಿದ್ದಳು.

ಫಿರ್ಮಾಂ ಕಂಬವಿಲ್ಲದ ಬಾಯಿ ನೋಡಿದ. ಆಚೆ ಈಚೆ ನೋಡಿದ. ದಾರಿ ಕೆನ್ನೆಯ ಹಾಗೆ ನುಣ್ಣಗಿತ್ತು, ಒಂದು ನರಪಿಳ್ಳೆಯೂ ಇರಲಿಲ್ಲ. "ಹತ್ತು ನಿಮಿಷ. ಯಾರಿಗೆ ಗೊತ್ತಾಗುತ್ತೆ?" ಎಂದುಕೊಂಡು ವ್ಯಾನು ನುಗ್ಗಿಸಿದ.

ಸ್ವಲ್ಪ ದೂರ ಹೋಗಿ ಕನ್ನಡಿಯಲ್ಲಿ ನೋಡಿದರೆ, ಪೊದೆಯ ಹಿಂದಿನಿಂದ ರೆಜಿಸ್ ಎದ್ದು ಬಂದ. ಬಣ್ಣ ಒಣಗಿದ ಕಂಬವನ್ನು ಗುಂಡಿಗಿಳಿಸಿ, ಬೀಗ ಹಾಕಿ, ಶಿಳ್ಳೆ ಹೊಡೆಯುತ್ತ ಹೊರಟೇಹೋದ.

ಫಿರ್ಮಾಂಗೆ ಹಿಂದಿನ ದಾರಿ ಮುಚ್ಚಿಹೋಯಿತು. ಇನ್ನು ಮುಂದಕ್ಕೆ ಹೋಗುವುದೊಂದೇ ಗತಿ. ಹೋದ. ರೈಲಿನ ಕಾಲದ ಸುರಂಗದ ಹತ್ತಿರ ಎದುರಿಗೆ ಬಂದವರು ಮದಾಂ ಪೊಮಾರೆದ್.

ಮದಾಂ ಪೊಮಾರೆದ್ ಅಂಚೆ ಕಚೇರಿಯಿಂದ ನಿವೃತ್ತರಾದವರು, ಸೈಕಲ್ ದಾರಿಯ ಹಿತರಕ್ಷಣಾ ಸಂಘದ ಅಧ್ಯಕ್ಷೆ. ಈ ದಾರಿಗಾಗಿ ಹನ್ನೆರಡು ವರ್ಷ ಪುರಸಭೆಯ ಮೆಟ್ಟಿಲು ಸವೆಸಿದ್ದರು. ದಾರಿಯ ನಡುವೆ ಸೈಕಲ್ಲನ್ನು ಅಡ್ಡ ನಿಲ್ಲಿಸಿ ಇಳಿದರು.

"ಏನೋ ಫಿರ್ಮಾಂ, ಕಣ್ಣು ಕಾಣಿಸುತ್ತೋ ಇಲ್ವೋ?"

"ಕಾಣಿಸುತ್ತೆ ಮದಾಂ. ಅದೇನಾಯ್ತು ಅಂದ್ರೆ, ಆ ಕಂಬ..."

"ಕಂಬದ ಮೇಲೆ ಹಾಕಬೇಡ. ಮೋಟಾರಿಗೆ ಪ್ರವೇಶವಿಲ್ಲ ಅಂತ ಇಷ್ಟಗಲ ಬೋರ್ಡು ಬರೆಸಿದೀನಿ. ಅದೂ ಇವತ್ತು! ಎಂಜಿನ್ ಆರಿಸು ಮೊದಲು."

ಆರಿಸಿದ. ಮದಾಂ ಕಿಟಕಿಯೊಳಗೆ ಕೈ ತೂರಿಸಿ ಬೀಗದಕೈ ಕಿತ್ತು ತಮ್ಮ ಸೈಕಲ್ ಬುಟ್ಟಿಗೆ ಹಾಕಿಕೊಂಡರು.

"ಮದಾಂ, ಗೋಪುರ ಕರಗುತ್ತೆ!"

"ಕರಗಲಿ. ಮೋಟಾರು ಇಲ್ಲಿಂದ ಒಂದು ಗೇಣು ಅಲ್ಲಾಡಕೂಡದು."

ಅಷ್ಟರಲ್ಲಿ ಹಿಂದಿನಿಂದ ಗಂಟೆಗಳ ಸದ್ದು. ಮೊಂಬ್ರಾಕಿನ ಸೈಕಲ್ ಸಂಘದವರು ಉದ್ಘಾಟನೆಗೆ ಹೊರಟಿದ್ದರು. ಆರು ಜನ, ಆರು ಬಣ್ಣದ ಬಿಗಿ ಅಂಗಿ, ಅಂಗಿಯೊಳಗೆ ಹಿಡಿಸದ ಆರು ಹೊಟ್ಟೆ. ಅವರ ಹಿಂದೆ ಹಾಲೆಂಡಿನಿಂದ ಸೈಕಲ್ ತುಳಿದುಕೊಂಡೇ ಬಂದ ಗಂಡಹೆಂಡತಿ, ಡೇರೆ, ಪಾತ್ರೆ, ಹಾಸಿಗೆ ಎಲ್ಲ ಹೇರಿಕೊಂಡು. ವ್ಯಾನು ಸೀಸೆಗೆ ಬಿರಡೆ ಹಾಕಿದ ಹಾಗೆ ದಾರಿ ಮುಚ್ಚಿತ್ತು. ಎರಡೂ ಕಡೆ ದಿಬ್ಬ.

ಫ್ರಾನ್ಸಿನಲ್ಲಿ ಆರು ಜನ ಸೇರಿದರೆ ಏಳು ಅಭಿಪ್ರಾಯ.

"ಹಿಂದಕ್ಕೆ ತೆಗೀಲಿ."

"ಹಿಂದೆ ಕಂಬ ಇದೆಯಲ್ಲೋ, ದಡ್ಡ!"

"ರೆಜಿಸ್‌ನ ಕರೀರಿ."

"ಊಟಕ್ಕೆ ಹೋಗಿರ್ತಾನೆ. ಊಟದ ಹೊತ್ತಲ್ಲಿ ರೆಜಿಸ್‌ನ ಪ್ರಧಾನಿ ಕರೆದ್ರೂ ಬರಲ್ಲ."

"ಗೋಪುರ ತಿಂದುಬಿಟ್ರೆ? ಭಾರನಾದ್ರೂ ಕಮ್ಮಿಯಾಗುತ್ತೆ."

ಫಿರ್ಮಾಂ ವ್ಯಾನಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. "ಯಾರೂ ಮುಟ್ಟಬೇಡಿ! ಇದಿಲ್ದೆ ಹೋದ್ರೆ ಓದಿಲ್‌ಗೆ ಮುಖ ತೋರಿಸೋಕಾಗಲ್ಲ. ನಮ್ಮ ಬೇಕರಿ ಇದರ ಮೇಲೆ ನಿಂತಿದೆ ಕಣ್ರಪ್ಪಾ." ಎಲ್ಲರೂ ಒಂದು ಕ್ಷಣ ತಮ್ಮ ತಮ್ಮ ಶೂ ನೋಡಿಕೊಂಡರು. ಪೇಟೆಯ ಬ್ರೆಡ್ಡು ತಿನ್ನುತ್ತಿದ್ದವರು ಅವರೇ ತಾನೇ.

ಸಂಘದ ಹಿರಿಯ ಒನೊರೆ ಹಿಂದೊಮ್ಮೆ ಇದೇ ಮಾರ್ಗದಲ್ಲಿ ರೈಲಿನ ಗಾರ್ಡಾಗಿದ್ದವನು. ಗಂಟಲು ಸರಿಮಾಡಿಕೊಂಡು ಮದಾಂ ಪೊಮಾರೆದ್ ಕಡೆ ತಿರುಗಿದ. "ಮದಾಂ, ನಿಮ್ಮ ಬೋರ್ಡಲ್ಲಿ ಏನಿದೆ? ಮೋಟಾರಿಗೆ ಪ್ರವೇಶವಿಲ್ಲ. ಆರಿಸಿದ ಮೋಟಾರು ಮೋಟಾರೇ ಅಲ್ಲ. ಬರೀ ಡಬ್ಬ. ಡಬ್ಬಾನ ನಾವು ಎಳ್ಕೊಂಡು ಹೋದ್ರೆ?"

ಮದಾಂ ಯೋಚಿಸಿದರು. ಆ ವಾದದಲ್ಲಿ ತಪ್ಪು ಸಿಗಲಿಲ್ಲ. "ಎಳೀರಿ. ಆದ್ರೆ ಬೀಗದಕೈ ನನ್ನ ಹತ್ರಾನೇ ಇರುತ್ತೆ, ನಾನೂ ಹಿಂದೇನೇ ಬರ್ತೀನಿ."

ಹಾಲೆಂಡಿನವರು ಡೇರೆಯ ಹಗ್ಗ ಬಿಚ್ಚಿಕೊಟ್ಟರು. ವ್ಯಾನು ಎಷ್ಟು ಹಳೆಯದೆಂದರೆ ಬೀಗದಕೈ ಇಲ್ಲದೆಯೂ ಅದರ ಸ್ಟೀರಿಂಗು ತಿರುಗುತ್ತಿತ್ತು. ಎಂಟು ಸೈಕಲ್ಲುಗಳನ್ನು ದಿಬ್ಬದ ಮೇಲಿಂದ ಎತ್ತಿ ದಾಟಿಸಿ ಮುಂದೆ ಕಟ್ಟಿ, ಒನೊರೆ "ಹೊರಡ್ತೂ!" ಎಂದು ಕೂಗಿದ. ವ್ಯಾನು ಗರ್ಭಿಣಿ ಹಸುವಿನ ಹಾಗೆ ಅಲ್ಲಾಡಿ ಹೊರಟಿತು. ಸುರಂಗದ ತಂಪಿನಲ್ಲಿ ಏದುಸಿರು, ಗಂಟೆ, ನಗು. ಯಾರೋ ಹಾಡು ಶುರುಮಾಡಿದರು. ಸ್ಟೀರಿಂಗು ಹಿಡಿದಿದ್ದ ಫಿರ್ಮಾಂ ಕೂಡ ದನಿಗೂಡಿಸಿದ.

ಸುರಂಗ ದಾಟಿದ ಮೇಲೆ ದಾರಿ ಇಳಿಜಾರು ಎಂಬುದನ್ನು ಒನೊರೆ ಹೇಳಲು ಮರೆತಿದ್ದ.

ಮೊದಲು ಹಗ್ಗ ಸಡಿಲವಾಯಿತು. ಆಮೇಲೆ ವ್ಯಾನಿನ ಮೂತಿ ಹಿಂದಿನ ಸೈಕಲ್ಲುಗಳ ಹತ್ತಿರ ಬಂತು. ಈವರೆಗೆ ವ್ಯಾನು ಎಳೆಯಲು ತುಳಿಯುತ್ತಿದ್ದವರು ಈಗ ವ್ಯಾನಿನಿಂದ ತಪ್ಪಿಸಿಕೊಳ್ಳಲು ತುಳಿಯತೊಡಗಿದರು.

"ಬ್ರೇಕ್ ಹಾಕೋ ಫಿರ್ಮಾಂ!"

"ಹಾಕಿದೀನಿ! ಅದು ಕೇಳ್ತಿಲ್ಲ!"

"ಕೈಬ್ರೇಕು?"

"ಕೈಗೇ ಬಂತು!"

ಸೆರಿಯಾಕ್ ಸ್ಟೇಷನ್ನಿನಲ್ಲಿ ಬ್ಯಾಂಡು ಸಜ್ಜಾಗಿ ನಿಂತಿತ್ತು, ಮೇಯರಮ್ಮ ಮದಾಂ ವಿಲ್ಲಾತ್ ರಿಬ್ಬನ್ನಿಗೆ ಕತ್ತರಿ ತಗಲಿಸುತ್ತಿದ್ದರು. ಎಂಟು ಸೈಕಲ್ಲು ಅರಚುತ್ತ ಬಂದು ರಿಬ್ಬನ್ನನ್ನು ಹರಿದವು. ಅವುಗಳ ಹಿಂದೆ, ಸದ್ದಿಲ್ಲದೆ, ಹಂಸದಂತೆ ತೇಲಿಬಂದ ವ್ಯಾನು ಹುಲ್ಲಿನ ಮೆದೆಗೆ ಮೂತಿ ತೂರಿಸಿ ನಿಂತಿತು. ಹಿಂಬಾಗಿಲು ತೆರೆದುಕೊಂಡಿತು. ಗೋಪುರ ಒಮ್ಮೆ ಬಾಗಿ, ಯೋಚಿಸಿ, ಕುಸಿಯಿತು. ಉಂಡೆಗಳು ನೆರೆದವರ ಮಡಿಲು, ಟೋಪಿ, ಬ್ಯಾಂಡಿನ ಕಹಳೆಯ ಬಾಯಿಗೆಲ್ಲ ಹಾರಿದವು. ಒಂದು ಮೇಯರಮ್ಮನ ಭುಜದ ಮೇಲೆ ಕೂತಿತು.

ಓದಿಲ್ ಮುಖ ಮುಚ್ಚಿಕೊಂಡಳು. ಫಿರ್ಮಾಂ ಮುರಿದ ಕೈಬ್ರೇಕು ಹಿಡಿದುಕೊಂಡೇ ಇಳಿದ. "ಮದಾಂ, ತಪ್ಪೆಲ್ಲ ನಂದು. ನಾನು..."

"ತಡೀರಿ," ಎಂದರು ಮೇಯರಮ್ಮ. ಹಗ್ಗ ನೋಡಿದರು, ಬೆವೆತ ಎಂಟು ಮುಖ ನೋಡಿದರು. "ಎಂಜಿನ್ ಆರಿಸಿ, ಎಳ್ಕೊಂಡು ಬಂದ್ರಾ?"

"ಆರಿಸಿಯೇ," ಎಂದು ಮದಾಂ ಪೊಮಾರೆದ್ ಬೀಗದಕೈ ಎತ್ತಿ ತೋರಿಸಿದರು. "ದಾರಿಯುದ್ದಕ್ಕೂ ನನ್ನ ಬುಟ್ಟೀಲೇ ಇತ್ತು."

ಮೇಯರಮ್ಮನ ಕಣ್ಣು ತುಂಬಿತು. ಮೈಕು ಎಳೆದುಕೊಂಡರು. "ನಾನು ಮೂರು ಪುಟ ಭಾಷಣ ಬರ್ಕೊಂಡು ಬಂದಿದ್ದೆ. ಈ ಮನುಷ್ಯ ಅದನ್ನ ಒಂದು ಮಾತೂ ಆಡದೆ ಹೇಳಿಬಿಟ್ಟ. ಮೋಟಾರಿನ ಕಾಲ ಮುಗೀತು, ಕಾಲಿನ ಕಾಲ ಬಂತು!" ಭುಜದ ಮೇಲಿನ ಉಂಡೆ ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿದರು. "ಒಂದು ಕೈ ಸೈಕಲ್ ಮೇಲಿದ್ರೂ ಇನ್ನೊಂದು ಕೈಯಲ್ಲಿ ತಿನ್ನಬಹುದು! ಅಂಗಡಿ ಓದಿಲ್‌ದೇ."

ಜನ ಕುಣಿದರು, ಬ್ಯಾಂಡು ಕ್ರೀಮು ಉಗುಳುತ್ತ ನುಡಿಯಿತು. ಓದಿಲ್ ಓಡಿಬಂದು ಗಂಡನನ್ನು ತಬ್ಬಿಕೊಂಡಳು. ಫಿರ್ಮಾಂಗೆ ತಾನು ನಿಜವಾಗಿಯೂ ಅದೆಲ್ಲ ಯೋಚಿಸಿಯೇ ಬಂದೆನೇನೋ ಅನಿಸತೊಡಗಿತು.

"ಇನ್ನೊಂದು ಮಾತು," ಎಂದರು ಮೇಯರಮ್ಮ. "ಇಂಥವನು ಇನ್ನು ಮೋಟಾರು ಮುಟ್ಟೋದುಂಟೇ? ಈ ವ್ಯಾನು ಇಲ್ಲೇ ಇರಲಿ, ನೆನಪಿಗೆ. ಮಣ್ಣು ತುಂಬಿಸಿ ಹೂಗಿಡ ನೆಡೋಣ. ಬ್ರೆಡ್ಡು ತರೋಕೆ ಫಿರ್ಮಾಂಗೆ ಪುರಸಭೆ ಕಡೆಯಿಂದ ಪೆಟ್ಟಿಗೆ ಇರೋ ಮೂರು ಚಕ್ರದ ಸೈಕಲ್ಲು!"

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಓದಿಲ್. ಫಿರ್ಮಾಂ ಏನೋ ಹೇಳಲು ಬಾಯಿ ತೆರೆದ. ಪತ್ರಿಕೆಯವನು ಅದನ್ನು ನಗು ಎಂದು ತಿಳಿದು ಫೋಟೋ ಹೊಡೆದ.

ಸಂಜೆ ಊರಿಗೆ ಮರಳಲು ಇದ್ದದ್ದು ಆ ಸೈಕಲ್ಲೊಂದೇ. ಮುಂದಿನ ಪೆಟ್ಟಿಗೆಯಲ್ಲಿ ಓದಿಲ್ ಮಹಾರಾಣಿಯ ಹಾಗೆ ಕೂತಿದ್ದಳು. ಬರುವಾಗ ಇಳಿಜಾರಾಗಿದ್ದ ದಾರಿ ಈಗ ಏರಾಗಿತ್ತು. ದಿಬ್ಬದ ಮೇಲೆ ಹೂ ಬಿಟ್ಟಿತ್ತು, ಕೋಗಿಲೆ ಕೂಗುತ್ತಿತ್ತು. ಇಷ್ಟು ವರ್ಷ ವ್ಯಾನಿನ ಗದ್ದಲದಲ್ಲಿ ಫಿರ್ಮಾಂ ಅದನ್ನು ಕೇಳಿರಲಿಲ್ಲ. ಓದಿಲ್ ಕೂಡ ಗುನುಗುತ್ತಿದ್ದಳು. ಅದನ್ನು ಕೇಳಿ ಎಷ್ಟೋ ದಿನವಾಗಿತ್ತು. ತೊಡೆ ಸಿಡಿಯುತ್ತಿದ್ದರೂ ಅವನಿಗೆ ಹಿತವೆನಿಸಿತು.

"ಸೈಕಲ್ ಸಂಘದವರು ನಾಳೆಯಿಂದ ಬ್ರೆಡ್ಡು ನಮ್ಮ ಹತ್ರಾನೇ ತಗೋತಾರಂತೆ," ಎಂದಳು ಅವಳು. "ಹಾಲೆಂಡಿನವರ ಹಿಂದೆ ಇನ್ನೂ ಒಂದು ದೊಡ್ಡ ಗುಂಪು ಬರ್ತಿದೆಯಂತೆ. ಈ ಪೆಟ್ಟಿಗೆ ಒಂದು ಸಲಕ್ಕೆ ಸಾಕಾಗಲ್ಲ. ಮೂರು ಸಲ ಬಂದು ಹೋದ್ರೆ ಸರಿಹೋಗುತ್ತೆ."

"ಯಾರು?" ಎಂದ ಫಿರ್ಮಾಂ, ಏದುಸಿರಿನ ನಡುವೆ.

ಓದಿಲ್ ಹಿಂದಕ್ಕೆ ತಿರುಗಿ ಅವನ ಕಾಲುಗಳನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಒಳ್ಳೆಯ ಜೋಡಿ ಎತ್ತು ಕಂಡವಳಂತೆ ತೃಪ್ತಿಯಿಂದ ತಲೆಯಾಡಿಸಿದಳು.